ಗೋದಾಮಿನಲ್ಲಿ ಕೂಡಿಹಾಕಿದಾಗ ನಮ್ಮ ಯಜಮಾನರು ಕುಡಿದಿರಲಿಲ್ಲ

ನಾನು, ಬೈಂಡಿಂಗ್ ಅಣ್ಣನ ಹೆಂಡತಿ ಎಂದೇ ಬೀದಿಗೆಲ್ಲ ಗುರುತಿರುವವಳು, ವಯಸ್ಸು 43 ವರ್ಷ, ಶಾಲೆಯಲ್ಲಿ ಆಯಾ ಕೆಲಸ, ವಾಸ ಹಾಲಿನ ಬೂತಿನ ಹಿಂದಿನ ವಠಾರದ ಮೂರನೇ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಯಜಮಾನರು ಪುಸ್ತಕ ಬೈಂಡಿಂಗ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ರಟ್ಟು ಅಂಟಿಸುತ್ತಿದ್ದಾರೆ. ಹಳೆಯ ಕಾಮಾಲೆಯಿಂದ ಅವರ ಲಿವರ್ ಗಟ್ಟಿಯಾಗಿಬಿಟ್ಟಿದೆ. ಕೆಟ್ಟ ಲಿವರ್ ಹೊಟ್ಟೆಯ ವಿಷವನ್ನು ಸೋಸುವುದಿಲ್ಲ, ಮಲ ಕಟ್ಟಿದರೆ ಆ ವಿಷ ನೇರ ಮೆದುಳಿಗೆ ಏರುತ್ತದೆ, ಆದ್ದರಿಂದ ಸಿರಪ್ ಕುಡಿದು ದಿನಕ್ಕೆ ಎರಡು ಮೂರು ಸಲ ಸಡಿಲವಾಗಿ ಹೋಗಲೇಬೇಕು ಎಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು.

ಕಳೆದ ತಿಂಗಳಿಂದ ಕಾರ್ಖಾನೆಯ ಮೇಸ್ತ್ರಿ ಕಕ್ಕಸಿಗೆ ಬೀಗ ಹಾಕಿ ಕೀಲಿಯನ್ನು ತನ್ನ ಮೇಜಿನಲ್ಲಿ ಇಟ್ಟುಕೊಂಡಿದ್ದಾನೆ. ಯಜಮಾನರು ಎರಡನೇ ಸಲ ಕೀಲಿ ಕೇಳಿದಾಗ, ಸಂಬಳ ಕೊಡೋದು ಇಲ್ಲಿ ಕೂರೋಕಾ ಅಲ್ಲಿ ಕೂರೋಕಾ ಎಂದು ಹೆಂಗಸರ ಎದುರಿಗೇ ಹಂಗಿಸಿದನಂತೆ. ಎಲ್ಲರೂ ನಕ್ಕರಂತೆ. ನಮ್ಮವರದು ಮೊದಲೇ ಸಂಕೋಚದ ಸ್ವಭಾವ. ನನಗೆ ಒಂದು ಮಾತೂ ಹೇಳದೆ ಬೆಳಗಿನ ಸಿರಪ್ಪನ್ನೂ ಮಧ್ಯಾಹ್ನದ್ದನ್ನೂ ಬಿಟ್ಟರು. ಇದನ್ನೆಲ್ಲ ಆಮೇಲೆ ನನಗೆ ಹೇಳಿದ್ದು ಅಲ್ಲಿ ಪುಸ್ತಕ ಹೊಲಿಯುವ ಅಕ್ಕ.

ದಿನಾಂಕ 9, ಸೋಮವಾರ ಬೆಳಿಗ್ಗೆ ಅವರು ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡಿದ್ದರು, ಮಾತು ಎಳೆಯುತ್ತಿತ್ತು. ಹೋಗಬೇಡಿ ಅಂದೆ, ಕೇಳಲಿಲ್ಲ. ಸುಮಾರು 11 ಗಂಟೆಗೆ ರಟ್ಟುಗಳನ್ನು ತಲೆಕೆಳಗಾಗಿ ಅಂಟಿಸಿದ್ದಾರೆ, ಕೈ ಪಟಪಟ ಬಡಿದುಕೊಂಡಿದೆ. ಮೇಸ್ತ್ರಿ, ಕುಡಿದು ಬಂದಿದ್ದಾನೆ ಎಂದು ಕೂಗಾಡಿದ್ದಾನೆ. ಅಯ್ಯೋ, ಅವರಿಗೆ ಲಿವರ್ ಕಾಯಿಲೆ ಇದೆ, ಮನೆಯವರಿಗೆ ಫೋನ್ ಮಾಡಿ ಎಂದು ಹೊಲಿಗೆಯಕ್ಕ ಬೇಡಿಕೊಂಡರೆ, ಲಿವರ್ ಸುಮ್ಮನೆ ಕೆಡುತ್ತಾ, ಕುಡಿದೇ ಕೆಟ್ಟಿರೋದು, ಇಳೀಲಿ ಬಿಡು ಎಂದು ಕಾಗದದ ಗೋದಾಮಿಗೆ ತಳ್ಳಿ ಬೀಗ ಜಡಿದಿದ್ದಾನೆ. ಇಂಥವನನ್ನು ಮನುಷ್ಯ ಅನ್ನಬೇಕೇ?

ಊಟದ ಬಿಡುವಿನಲ್ಲಿ, 1.30ಕ್ಕೆ, ಅಕ್ಕ ನನಗೆ ಕದ್ದು ಫೋನ್ ಮಾಡಿದಳು. ಒಂದು ಕಿಲೋಮೀಟರ್ ಓಡಿದೆ. ನಶೆ ಇಳಿದ ಮೇಲೆ ಕರ್ಕೊಂಡು ಹೋಗಮ್ಮ ಎಂದ ಮೇಸ್ತ್ರಿ. ಅಲ್ಲೇ ಬಿದ್ದಿದ್ದ ಸುತ್ತಿಗೆ ತೆಗೆದುಕೊಂಡು ಬೀಗಕ್ಕೆ ಎರಡೇಟು ಹಾಕಿದೆ. ಬೀಗ ಒಡೆದರು ಎಂದು ಅವನು ಕೊಟ್ಟಿರುವ ದೂರು ನಿಜ. ಒಡೆದದ್ದು ನಾನೇ, ಬರೆದುಕೊಳ್ಳಿ.

ಯಜಮಾನರು ಕಾಗದದ ಕಟ್ಟುಗಳ ಸಂದಿಯಲ್ಲಿ ಬಿದ್ದಿದ್ದರು. ಬಟ್ಟೆ ಒದ್ದೆಯಾಗಿತ್ತು. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. ಆಟೋದಲ್ಲಿ ಕರೆದೊಯ್ದು ಆಸ್ಪತ್ರೆಗೆ ಸೇರಿಸಿದೆ. ಎನಿಮಾ ಕೊಟ್ಟರು, ಮೂಗಿನ ನಳಿಕೆಯಲ್ಲಿ ಸಿರಪ್ ಹಾಕಿದರು. ರಕ್ತ ಪರೀಕ್ಷೆಯಲ್ಲಿ ಮದ್ಯದ ಸುಳಿವೇ ಇಲ್ಲ, ಇನ್ನು ಸ್ವಲ್ಪ ಹೊತ್ತು ಹಾಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಹಿಂದೆ ಯಾವಾಗಲಾದರೂ ಕುಡಿಯುತ್ತಿದ್ದರೇ ಎಂದು ಇಲ್ಲಿ ಠಾಣೆಯಲ್ಲಿ ತಾವೂ ನನ್ನನ್ನು ಎರಡು ಸಲ ಕೇಳಿದಿರಿ. ಇಲ್ಲ ಸ್ವಾಮಿ, ಒಂದು ತೊಟ್ಟೂ ಇಲ್ಲ.

ಮೂರನೇ ದಿನ ಅವರಿಗೆ ಪೂರ್ತಿ ಪ್ರಜ್ಞೆ ಬಂತು. ಅಷ್ಟರಲ್ಲಿ ನೋಡಲು ಬಂದಿದ್ದ ಕೆಲಸದವರು ಏನೇನು ಹೇಳಿದ್ದರೋ, ನನ್ನ ಕೈ ಹಿಡಿದುಕೊಂಡು, ನಾನು ಕುಡಿದಿದ್ನಂತೆ, ಮಕ್ಕಳಿಗೆ ಗೊತ್ತಾಯ್ತಾ ಎಂದು ಕೇಳಿದರು. ಇಲ್ಲ ಕಣ್ರೀ, ನೀವು ಕುಡಿದಿರಲಿಲ್ಲ ಎಂದೆ. ನನಗೇನೂ ನೆನಪಿಲ್ಲ, ಅಷ್ಟು ಜನ ನೋಡಿದಾರಂತೆ, ಕುಡಿದಿರಬಹುದು, ಕ್ಷಮಿಸು ಎಂದು ಅತ್ತರು. ಡಾಕ್ಟರು ಹೇಳಿದರೂ ನಂಬುತ್ತಿಲ್ಲ.

ನನಗೆ ದುಡ್ಡು ಬೇಡ, ರಾಜಿಯೂ ಬೇಡ. ಮೇಸ್ತ್ರಿಯ ಮೇಲೆ ಕ್ರಮ ಕೈಗೊಳ್ಳಿ. ಅದಕ್ಕೂ ಮೊದಲು ಅವನನ್ನು ಕರೆತಂದು ಯಜಮಾನರ ಮಂಚದ ಪಕ್ಕ ನಿಲ್ಲಿಸಿ, ಇವರು ಕುಡಿದಿರಲಿಲ್ಲ ಎಂದು ಅವನ ಬಾಯಿಂದಲೇ ಹೇಳಿಸಿ. ನಾನು ಹೇಳಿದರೆ, ಹೆಂಡತಿ ಅಲ್ಲವಾ, ಸಮಾಧಾನಕ್ಕೆ ಹೇಳ್ತೀಯ ಅನ್ನುತ್ತಾರೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಶನಿವಾರ
ಹೇಳಿಕೆ ಕೊಟ್ಟವರ ಸಹಿ