ತಿರುಗಿ ಬಂದ ಬಯೋಡೇಟಾ

ಅಕ್ಕನ ಮಗ ಕಳಿಸಿದ ಯಾರದೋ ಬಯೋಡೇಟಾವನ್ನು ತೆರೆಯದೆಯೇ ಆಸ್ಪತ್ರೆಯ ವಾಟ್ಸಾಪ್ ಗ್ರೂಪಿಗೆ ದಾಟಿಸಿ, ನರ್ಸಮ್ಮ ಬಸ್ಸಿನಲ್ಲಿ ಕಣ್ಣು ಮುಚ್ಚಿದರು. ಮುಂದಿನ ಸೀಟಿನ ಹುಡುಗಿಯರ ಮಾತು ಕಿವಿಗೆ ಬಿತ್ತು.

“ಡಿಗ್ರಿ ಮುಗಿದು ಎಂಟು ತಿಂಗಳಾಯ್ತು. ಕೆಲಸಕ್ಕೆ ಅಂತ ಕೊಟ್ಟ ನಿನ್ನ ಬಯೋಡೇಟಾ ಎಲ್ಲೀವರೆಗೆ ಹೋಯ್ತು?”

“ನನ್ನ ಹತ್ರಕ್ಕೇ ವಾಪಸ್ ಬಂತು.”

“ಅಂದ್ರೆ?”

“ಸೀನಿಯರ್‌ಗೆ ಕೊಟ್ಟಿದ್ದೆ. ಅವಳು ಅವಳ ಭಾವನಿಗೆ, ಭಾವ ಇನ್ಯಾರಿಗೋ. ಹಾಗೇ ಸುತ್ತಿ ನಮ್ಮತ್ತೆಗೆ ಸಿಕ್ಕಿದೆ. ನಿನ್ನೆ ನಂಗೇ ಕಳ್ಸಿದ್ರು. ‘ಯಾರೋ ಪಾಪದ ಹುಡುಗಿ, ನಿಂಗೆ ಗೊತ್ತಿರೋರಿಗೆ ಹೇಳಿ ನೋಡು’ ಅಂತ.”

“ಹೆಸರೂ ನೋಡ್ಲಿಲ್ವಾ?”

“ತೆಗೆದು ನೋಡೋಕೆ ಯಾರಿಗೆ ಪುರುಸೊತ್ತು?”

ನರ್ಸಮ್ಮ ಕಣ್ಣು ಬಿಟ್ಟರು.

“ಅತ್ತೆಗೆ ಏನಂದೆ?”

“ಆಯ್ತು, ಹೇಳ್ತೀನಿ ಅಂದೆ.”

ಸ್ಟಾಪು ಬಂತು. ಬಯೋಡೇಟಾದ ಹುಡುಗಿ ಬ್ಯಾಗು ಹೆಗಲಿಗೇರಿಸಿ, ಬಾಗಿಲ ಕಡೆ ನಡೆಯುತ್ತಾ ಗೆಳತಿಗೆ ಹೇಳಿದಳು:

“ನಾನೂ ನಾಲ್ಕು ಜನಕ್ಕೆ ಕಳಿಸ್ದೆ.”