ಮಕ್ಕಳ ಜಗಳ, ಅಷ್ಟೇ

…ಅಯ್ಯೋ, ಎದ್ದು ಹೋಗ್ಬೇಡಿ ಅಕ್ಕಾ. ಕೂತ್ಕೊಳ್ಳಿ. ದಮ್ಮಯ್ಯ ಅಂತೀನಿ, ಬೇಕಾದ್ರೆ ಕಾಲಿಗೂ ಬೀಳ್ತೀನಿ. ಹೌದು, ನಾನೇ ಅವಳ ತಾಯಿ. ನಿಮ್ಮ ಮಗಳ ಮುಖಕ್ಕೆ ಊಟದ ಡಬ್ಬಿ ಬೀಸಿದ್ಳಲ್ಲ, ಆ ಹುಡುಗಿ ತಾಯಿ. ಉಗೀರಿ ನನ್ನ ಮುಖಕ್ಕೆ. ಬೈಯಿರಿ. ಏನೂ ಅನ್ನಲ್ವಾ?... ಸರಿ. ಕೂತ್ರಲ್ಲ, ಅಷ್ಟು ಸಾಕು.

ಡ್ಯೂಟಿ ಬಟ್ಟೇಲೇ ಓಡಿ ಬಂದಿದೀರ. ಟಿಕೆಟ್ ಚೀಲಾನೂ ಹೆಗಲಿಂದ ಇಳಿಸಿಲ್ಲ. ನನ್ನ ಗುರುತು ಸಿಗ್ಲಿಲ್ವಾ? ನಿಮ್ಮ ಬಸ್ಸಲ್ಲೇ ಓಡಾಡ್ತೀನಿ ನಾನು, ಬಟ್ಟೆ ಗಂಟು ಹೊತ್ಕೊಂಡು. ಟೈಲರ್. 'ಗಂಟಿಗೂ ಒಂದು ಸೀಟು ಬೇಕಾ ತಾಯಿ' ಅಂತ ತಮಾಷೆ ಮಾಡಿದ್ರಿ ಒಂದ್ಸಲ, ಬಸ್ಸೆಲ್ಲ ನಕ್ಕಿತ್ತು… ನೆನಪಾಯ್ತಾ? ನಮ್ಮ ಮಕ್ಕಳು ಒಂದೇ ಬೆಂಚು ಅಂತ ಆಗ ಇಬ್ಬರಿಗೂ ಗೊತ್ತಿರ್ಲಿಲ್ಲ ನೋಡಿ.

ಒಳಗೆ ಹೋಗಿ ಬಂದ್ರಲ್ಲ, ಹೇಗಿದ್ದಾಳೆ? ಕಣ್ಣಿಗೆ ಏನೂ ಆಗಿಲ್ಲ ತಾನೇ? ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ರಂತೆ, ನರ್ಸಮ್ಮ ಹೇಳಿದ್ರು. ಎಚ್ಚರ ಇದ್ಳಾ? ಮಾತಾಡಿದ್ಳಾ? ಏನಾದ್ರೂ… ಏನಾದ್ರೂ ಹೇಳಿದ್ಳಾ?

ಬೇಡ, ಬಿಡಿ. ಹೇಳದಿದ್ರೆ ಬೇಡ.

ನೋಡಿ, ನನ್ನ ಮಗಳು ಅಲ್ಲೇ ನಿಂತಿದ್ದಾಳೆ, ಆ ಕೊನೇ ಕಿಟಕಿ ಹತ್ರ, ಕ್ಲಾಸ್ ಟೀಚರ್ ಪಕ್ಕದಲ್ಲಿ. ಗೋಡೆ ಕಡೆ ಮುಖ ಮಾಡ್ಕೊಂಡು. ಹೆಡ್ಮಾಸ್ಟರ್ ಮುಂದೆ 'ನಾನೇ ಹೊಡೆದದ್ದು' ಅಂದಳಂತೆ. ಅಷ್ಟೇ. ಆಮೇಲೆ ತುಟಿ ಬಿಚ್ಚಿಲ್ಲ. ಟೀಚರ್ ಕೇಳಿದ್ರೂ ಇಲ್ಲ, ನಾನು ಕೇಳಿದ್ರೂ ಇಲ್ಲ. ಸ್ಕೂಲಿಂದ ತೆಗೆದುಹಾಕ್ತಾರೆ ಅಂತಿದಾರೆ. ಪೊಲೀಸರಿಗೂ ಹೇಳ್ಬೇಕಾಗತ್ತಂತೆ. ನೀವು ಒಂದು ಮಾತು ಹೇಳಿದ್ರೆ ನಿಂತ್ಹೋಗತ್ತೆ ಅಕ್ಕಾ. 'ಮಕ್ಕಳ ಜಗಳ, ಅಷ್ಟೇ' ಅಂತ. ಅದನ್ನ ಕೇಳೋಕೇ ಬಂದೆ.

ಯಾಕೆ ಹಾಗೆ ನೋಡ್ತೀರಿ? ಕೆಟ್ಟ ಹುಡುಗಿ ಅಲ್ಲ ಅವಳು. ಇರುವೆ ಸಾಲು ಕಂಡ್ರೆ ದಾಟಿ ಹೋಗೋಳು. ಮೊದಲೆಲ್ಲ ಹೊಲಿಗೆ ಮಿಷನ್ ಸದ್ದಿಗೆ ತಾಳ ಹಾಕ್ತಾ ಹಾಡೋಳು, ನಾನು ನಿಲ್ಲಿಸಿದ್ರೆ 'ಅಮ್ಮಾ, ಇನ್ನೊಂದು ಶರ್ಟು ಹೊಲಿ, ಪಲ್ಲವಿ ಮುಗೀಲಿ' ಅನ್ನೋಳು… ತಿನ್ನೋದೂ ಹಾಗೇ. ಕೊಟ್ಟಿದ್ದನ್ನ ಖುಷಿಯಾಗಿ ತಿಂದು, ಬೆರಳು ನೆಕ್ಕಿ, 'ಇನ್ನೊಂಚೂರು' ಅನ್ನೋಳು. ದಪ್ಪ ಇದ್ಳು. ಹೌದು, ದಪ್ಪ ಇದ್ಳು! ಅದರಲ್ಲೇನು ಮುಚ್ಚುಮರೆ?

ದಪ್ಪ ಇರೋದು ಅಂದ್ರೇನು ಅಂತ ನಿಮಗೆ ಗೊತ್ತಿಲ್ಲ. ನಿಮ್ಮ ಮಗಳು ಗುಬ್ಬಿ ಥರ ಇದ್ದಾಳೆ, ಗಾಳಿ ಬಂದ್ರೆ ಹಾರಿಹೋಗ್ತಾಳೆ. ನನಗೆ ಗೊತ್ತು ಅಕ್ಕಾ. ನನ್ನ ಮಗಳ ವಯಸ್ಸಲ್ಲಿ ನನ್ನ ಹೆಸರೇ ಮರೆತಿದ್ರು ಎಲ್ಲರೂ. ಪೀಪಾಯಿ. ನಮ್ಮಣ್ಣಂದಿರು ಶುರು ಮಾಡಿದ್ದು, ಬೀದಿಯವರು ಮುಂದುವರಿಸಿದ್ದು. ಒಂದಿನ ನನ್ನನ್ನ ಖಾಲಿ ಡ್ರಮ್ಮಿನೊಳಗೆ ತುರುಕಿ, ಇಳಿಜಾರು ರಸ್ತೇಲಿ ಉರುಳಿಸಿದ್ರು. 'ಪೀಪಾಯಿಯೊಳಗೆ ಪೀಪಾಯಿ' ಅಂತ. ಕೆಳಗೆ ಕಲ್ಲಿಗೆ ಬಡಿದು ನಿಂತಾಗ ಬಾಯಲ್ಲಿ ರಕ್ತ, ಮುಂದಿನ ಹಲ್ಲು ಇಲ್ಲ. ಎಲ್ಲರೂ ನಗ್ತಿದ್ರು. ನಮ್ಮಮ್ಮನೂ! ಬಾಗಿಲಲ್ಲಿ ನಿಂತ್ಕೊಂಡು ಸೆರಗು ಬಾಯಿಗೆ ಒತ್ಕೊಂಡು ನಗ್ತಿದ್ಳು… ಈ ಹಲ್ಲು ಕಟ್ಟಿಸಿದ್ದು. ಇಲ್ಲಿ, ನೋಡಿ.

ಅದು ನನ್ನ ಮಗಳಿಗೆ ಆಗಬಾರದು. ಅಷ್ಟೇ ನನಗೆ ಬೇಕಾಗಿದ್ದದ್ದು. ತಪ್ಪಾ?

ಹೋದ ವರ್ಷ ಸ್ಕೂಲಿನ ಯೂನಿಫಾರಂ ಹೊಲಿಯೋ ಕೆಲಸ ನನಗೇ ಬಂತು. ಅಳತೆ ತಗೊಳ್ಳೋಕೆ ಹೋದೆ, ಹುಡುಗೀರನ್ನ ಸಾಲಾಗಿ ನಿಲ್ಲಿಸಿ. ನನ್ನ ಮಗಳ ಸರದಿ ಬಂತು. ಟೇಪು ಸುತ್ತಿದೆ… ಯಾವಳೋ ಒಬ್ಬಳು ತಾಯಿ, ಬಾಗಿಲಲ್ಲಿ ನಿಂತೋಳು, 'ಇವಳ ಬಟ್ಟೇಲಿ ನನ್ನ ಇಬ್ಬರು ಮಕ್ಕಳಿಗೂ ಹೊಲೀಬಹುದು' ಅಂದ್ಳು. ಎಲ್ಲ ಕಿಸಕ್ ಅಂದ್ರು. ನನ್ನ ಮಗಳೂ ನಕ್ಕಳು ಅಕ್ಕಾ, ಅದೇ ನನಗೆ ಬೆಂಕಿ ಹತ್ತಿದ್ದು! ಅವಳಿಗೆ ಅರ್ಥಾನೇ ಆಗಿರ್ಲಿಲ್ಲ. ಕೈಯಲ್ಲಿ ಕತ್ತರಿ ಇತ್ತು. ಆ ಹೆಂಗಸಿನ ನಾಲಿಗೆ ಕತ್ತರಿಸಿ ಬಿಸಾಕೋಣ ಅನ್ನಿಸ್ತು. ಬಿಸಾಕ್ಲಿಲ್ಲ. ಮನೆಗೆ ಬಂದು ಅಡುಗೆಮನೆಗೆ ಬೀಗ ಹಾಕ್ದೆ.

ಬೇಯಿಸಿದ ತರಕಾರಿ, ಸೌತೆಕಾಯಿ, ನೀರು. ಬೆಳಿಗ್ಗೆ ಎದ್ದ ತಕ್ಷಣ ತೂಕದ ಮಿಷನ್ ಮೇಲೆ ನಿಲ್ಲಿಸೋದು. ಮುಳ್ಳು ಇಳಿದಿದ್ರೆ ಒಂದು ಬಿಸ್ಕತ್ತು. ಏರಿದ್ರೆ… ಏರಿದ್ರೆ ಬಟ್ಟೆ ಅಳೆಯೋ ಮರದ ಪಟ್ಟಿ ಇತ್ತಲ್ಲ. ಅಂಗೈಗೆ. ಮೀನಖಂಡಕ್ಕೆ. ಯಾರು ಹೊಡೆಯಲ್ಲ ಹೇಳಿ? ನೀವು ಹೊಡೆಯಲ್ವಾ?… ಇಲ್ವಾ? ಒಂದ್ಸಲಾನೂ ಇಲ್ವಾ?

ನಿಮ್ಮ ಪುಣ್ಯ.

ನಮ್ಮನೆಯವರು ಅಡ್ಡ ಬಂದ್ರು. 'ಬೆಳೆಯೋ ಮಗು, ಬಿಡೇ' ಅಂತ ಒಂದಿನ ಬೀಗ ಒಡೆದು ತಟ್ಟೆ ತುಂಬ ಬಡಿಸಿದ್ರು. ಅವಳು ಹೆದರಿಕೊಂಡು ನನ್ನ ಮುಖ ನೋಡ್ತಾ ಇನ್ನೂ ಮೊದಲ ತುತ್ತು ಎತ್ತಿದ್ಳು… ತಟ್ಟೆ ಕಿತ್ಕೊಂಡು ಬೀಸಿದೆ ನೋಡಿ, ಗೋಡೆಗೆ ಬೀಳ್ಬೇಕಾಗಿತ್ತು, ಅವರ ಹಣೆಗೆ ಬಿತ್ತು. ನೆಲಕ್ಕೆ ಚೆಲ್ಲಿದ ಊಟದೊಳಗೆ ರಕ್ತ ತೊಟ್ಟಿಕ್ಕಿತು. ಅವತ್ತಿಂದ ಅವರು ಮನೇಲಿ ಊಟಾನೇ ಮಾಡಲ್ಲ. ಹೊರಗೇ ತಿಂದು ಬಂದು, ಗೋಡೆ ಕಡೆ ತಿರುಗಿ ಮಲಗ್ತಾರೆ. ಗಂಡಸಂತೆ!

ನಗ್ಬೇಡಿ… ನಗ್ಲಿಲ್ವಾ? ಅಳ್ತಿದೀರಾ? ನೀವ್ಯಾಕೆ ಅಳ್ತೀರಿ?

ತೂಕ ಇಳೀತು ಅಕ್ಕಾ. ಅದನ್ನ ಯಾರೂ ಹೇಳಲ್ಲ, ನಿಜವಾಗ್ಲೂ ಇಳೀತು. ಹೊಸ ಯೂನಿಫಾರಂ ಎರಡು ಸಲ ಒಳಗೆ ಹಿಡಿದು ಹೊಲಿದೆ. ಆದ್ರೆ ಹುಡುಗಿ… ಹಾಡು ನಿಂತ್ಹೋಯ್ತು. ಮಾತು ನಿಂತ್ಹೋಯ್ತು. ಕರೆದ್ರೆ ಬೆಚ್ಚಿ ಬೀಳೋಳು. ಪುಸ್ತಕದ ಒಂದೇ ಹಾಳೆ ಮುಂದೆ ಗಂಟೆಗಟ್ಟಲೆ ಕೂರೋಳು, ಓದ್ತಿಲ್ಲ ಅಂತ ಕಣ್ಣು ನೋಡಿದ್ರೇ ಗೊತ್ತಾಗೋದು. ಒಂದಿನ ದಿಂಬಿನ ಕೆಳಗೆ ಒಣಗಿದ ಬ್ರೆಡ್ಡು ಸಿಕ್ತು, ಇರುವೆ ಮುತ್ತಿತ್ತು. ಜುಟ್ಟು ಹಿಡಿದು ಹಾಸಿಗೆಯಿಂದ ಎಳೆದೆ. ಬಾಯಲ್ಲೂ ಇತ್ತು, ಉಗಿ ಅಂದೆ. ಉಗೀಲಿಲ್ಲ. ಹಲ್ಲು ಕಚ್ಚಿ ನಿಂತ್ಳು. ನಾನೇ ಬೆರಳು ಹಾಕಿ ತೆಗೆದೆ. ಕಚ್ಚಿದ್ಳು! ನನ್ನನ್ನ ಕಚ್ಚಿದ್ಳು, ಆಮೇಲೆ ತನ್ನ ತೋಳನ್ನ ತಾನೇ ಕಚ್ಕೊಂಡ್ಳು, ಗಟ್ಟಿಯಾಗಿ, ಕಣ್ಣು ಮುಚ್ಚಿ… ಬಿಡಿಸೋಕೆ ಎರಡು ಕೈ ಬೇಕಾಯ್ತು. ಅದು ಆಮೇಲೆ ಅಭ್ಯಾಸ ಆಗ್ಹೋಯ್ತು. ಅದಕ್ಕೇ ಉದ್ದ ತೋಳು ಹೊಲಿದು ಕೊಟ್ಟಿದ್ದು, ಈ ಸೆಕೇಲೂ.

ಹ್ಞಾಂ, ಆ ಟೀಚರ್ ಕರೆಸಿದ್ರು. ಅಲ್ಲಿ ನಿಂತಿದ್ದಾರಲ್ಲ, ಅವರೇ. 'ತೂಕ ನೋಡೋದು ಬಿಟ್ಟು ಸ್ವಲ್ಪ ದಿನ ಮಗು ಮುಖ ನೋಡಿ' ಅಂದ್ರು. ಹೊಟ್ಟೆಗೂ ಮನಸ್ಸಿಗೂ ಸಂಬಂಧ ಇದೆಯಂತೆ. ಹೀಗೆ ತಿನ್ನೋಕೆ ಹೆದರೋ ಮಕ್ಕಳು ಒಳಗೇ ಕುಸಿದುಹೋಗ್ತಾರಂತೆ, ದಪ್ಪ ಇರೋರೂ ಸರಿ, ಸಣ್ಣ ಇರೋರೂ ಸರಿ. ಮನಸ್ಸಿನ ಡಾಕ್ಟ್ರಿಗೆ ತೋರಿಸಿ ಅಂದ್ರು. ನಾನು ಮೇಜು ಗುದ್ದಿದೆ. 'ನನ್ನ ಮಗಳಿಗೆ ಹುಚ್ಚು ಅಂತೀರೇನ್ರೀ?' ಅಂತ ಸ್ಟಾಫ್ ರೂಮೆಲ್ಲ ಎದ್ದು ನಿಲ್ಲೋ ಹಾಗೆ ಕಿರುಚಿದೆ. ಅವರ ಟೀ ಲೋಟ ಬಿದ್ದು ಒಡೀತು. ಒರೆಸ್ಲೂ ಇಲ್ಲ, ಬಂದ್ಬಿಟ್ಟೆ.

ಈಗ ನೋಡಿ. ಇವತ್ತು.

ಹೇಳ್ತೀನಿ, ಕೇಳಿ. ಊಟದ ಹೊತ್ತಲ್ಲಿ ನಿಮ್ಮ ಮಗಳು ಏನೋ ಅಂದಿರ್ಬೇಕು. ಪೀಪಾಯಿ ಅಂತಾನೋ, ಏನೋ. ಮಕ್ಕಳ ಬಾಯಿ, ಅಂತಾವೆ. ಇವಳಿಗೆ ಸಿಟ್ಟು ಬಂತು. ಸಾಮಾನು ಕೋಣೆ ಹಿಂದೆ, ನಲ್ಲಿ ಹತ್ರ, ಯಾರೂ ಇರ್ಲಿಲ್ಲ ಅಲ್ಲಿ. ಡಬ್ಬಿ ಎತ್ತಿದ್ಳು, ಬೀಸಿದ್ಳು. ನಿಮ್ಮ ಮಗಳು ಎರಡೂ ಕೈ ಅಗಲಿಸಿ ಅಡ್ಡ ಬಂದ್ಳು, ಡಬ್ಬಿ ಅಂಚು ಹುಬ್ಬಿಗೆ ತಗಲಿ…

ಏನು?

ಯಾಕೆ ಹಾಗೆ ನೆಟ್ಟಗೆ ಕೂತ್ರಿ? ಅಡ್ಡ ಅಂದ್ರೆ… ಅಡ್ಡ ಅಂದ್ರೆ ಎದುರಿಗೆ. ಎದುರಿಗೆ ನಿಂತಿದ್ಳು ಅಂತ. ಯಾರಿಗೆ ಅಡ್ಡ ಅಂದ್ರೆ ಏನು ಹೇಳ್ಲಿ, ಮಾತಿಗೆ ಬಂತು, ಅಷ್ಟೇ. ನಾನೇನು ಕಂಡಿದ್ನಾ? ನಾನು ಮನೇಲಿದ್ದೆ, ಮಿಷನ್ ಮುಂದೆ. ಇವಳೇ ಹೇಳಿದ್ದು ನನಗೆ. ಹ್ಞಾಂ, ಇವಳೇ…

ಆಗ ಮಾತಾಡ್ಲಿಲ್ಲ ಅಂದೆ, ಅಲ್ವಾ? ಟೀಚರ್ ಹತ್ರ ಮಾತಾಡ್ಲಿಲ್ಲ ಅಂದೆ. ನನ್ನ ಹತ್ರ… ಒಂದೆರಡು ಮಾತು… ಅಯ್ಯೋ, ಹಾಗೆ ನೋಡ್ಬೇಡಿ ಅಕ್ಕಾ! ಏನಾದ್ರೂ ಅನ್ನಿ! ನಿಮ್ಮ ಮಗಳು ಏನಂದ್ಳು ಒಳಗೆ? ಪೆಟ್ಟು ಬಿದ್ದ ಮಗು, ತಲೆ ಮಂಕಾಗಿರತ್ತೆ, ಏನೇನೋ ಬಡಬಡಿಸತ್ತೆ. ನಂಬಬಾರ್ದು.

ಎಲ್ಲಿಗೆ ಎದ್ರಿ? ನಿಮ್ಮ ಮಗಳ ವಾರ್ಡು ಈ ಕಡೆ. ಈ ಕಡೆ ಅಕ್ಕಾ… ಅತ್ತ ಯಾಕೆ ಹೋಗ್ತೀರಿ? ಅವಳ ಹತ್ರ ಯಾಕೆ? ನಿಲ್ಲಿ! ಅವಳನ್ನ ಏನೂ ಮಾಡ್ಬೇಡಿ, ನಿಮ್ಮ ಸಿಟ್ಟು ನನ್ನ ಮೇಲೆ ತೀರಿಸ್ಕೊಳ್ಳಿ! ಟೀಚರ್, ಹಿಡ್ಕೊಳ್ಳಿ ಅವರನ್ನ! ಕೈ ಎತ್ತಿದಾರೆ, ನೋಡಿ… ಅಯ್ಯೋ, ಹೊಡೀಬೇಡಿ! ಅವಳಲ್ಲ! ಅವಳಲ್ಲ ಅಕ್ಕಾ, ನಾನು! ಹೊಡೆದದ್ದು ನಾನು!

…

ತಲೆ ಸವರ್ತಿದೀರ.

ತಲೆ ಸವರೋಕೆ ಎತ್ತಿದ್ರಾ ಕೈಯನ್ನ?

ಗೊತ್ತಿತ್ತು ನಿಮಗೆ. ಒಳಗಿಂದ ಬರುವಾಗ್ಲೇ ಗೊತ್ತಿತ್ತು. ನಿಮ್ಮ ಗುಬ್ಬಿ ಎಲ್ಲ ಹೇಳಿತ್ತು. ಗೊತ್ತಿದ್ದೂ ಕೂತು ಕೇಳಿದ್ರಿ, ಒಂದು ಮಾತೂ ಆಡದೆ… ನಾನೇ ಹೇಳ್ಲಿ ಅಂತಾನಾ?

ಹೌದು ಟೀಚರ್, ಕೇಳಿಸ್ಕೊಂಡ್ರಲ್ಲ, ಅದೇ ಸರಿ. ಈ ವರ್ಷದ ಯೂನಿಫಾರಂ ಗಂಟು ಕೊಡೋಕೆ ಸ್ಕೂಲಿನ ಹಿಂದಿನ ಗೇಟಿಂದ ಬಂದೆ. ನಲ್ಲಿ ಹತ್ರ ಇಬ್ಬರೂ ಕೂತಿದ್ರು. ಈ ಅಕ್ಕನ ಮಗಳು ತನ್ನ ಡಬ್ಬಿಯಿಂದ ತುತ್ತು ಎತ್ತಿ ನನ್ನ ಮಗಳ ಬಾಯಿಗೆ ಇಡ್ತಿದ್ಳು. ಇವತ್ತೊಂದೇ ದಿನ ಅಲ್ಲ, ಕೂತಿದ್ದ ರೀತಿಯಲ್ಲೇ ಗೊತ್ತಾಗ್ತಿತ್ತು, ದಿನಾ ಹಾಗೇ ಅಂತ. ಅಕ್ಕ ದಿನಾ ಎರಡು ಹೊಟ್ಟೆಗೆ ಆಗೋಷ್ಟು ತುಂಬಿ ಕಳಿಸ್ತಿದ್ರೋ ಏನೋ… ಡಬ್ಬಿ ಕಿತ್ಕೊಂಡೆ. ನನ್ನ ಮಗಳ ಮೇಲೆ ಬೀಸಿದೆ. ಆ ಹುಡುಗಿ ನಡುವೆ ಬಂತು. ಅಷ್ಟೇ. ರಕ್ತ ಚಿಮ್ಮಿದ ಕೂಡ್ಲೇ ನನ್ನ ಮಗಳು, ಇದೇ ಮಗಳು, ನನ್ನ ಕೈಯಿಂದ ಡಬ್ಬಿ ತಗೊಂಡು 'ಹೋಗಮ್ಮಾ, ನೀನು ಹೋಗು' ಅಂದ್ಳು. ಗಂಟು ಅಲ್ಲೇ ಬಿಟ್ಟು ಓಡಿದೆ. ನಾನು ಓಡಿದೆ!

ಪುಟ್ಟಿ… ಈ ಕಡೆ ತಿರುಗು. ಒಂದ್ಸಲ ತಿರುಗು ಮಗಳೇ. ಅವರ ಟಿಕೆಟ್ ಚೀಲಕ್ಕೆ ಮುಖ ಒತ್ಕೊಂಡು ಅಳ್ಬೇಡ, ಇಲ್ಲಿ ಬಾ… ಇಲ್ಲ. ಬೇಡ. ಅಲ್ಲೇ ಇರು. ನಾನು ಹತ್ರ ಬರಲ್ಲ. ಕೈ ಕಟ್ಕೊಂಡು ಇಲ್ಲೇ ನಿಂತಿದೀನಿ, ನೋಡು.

ಅಕ್ಕಾ, ಅವಳು ತಿಂತಿದ್ಳು ಅಂತ ಅಲ್ಲ ನಾನು ಹೊಡೆದದ್ದು. ದೇವರಾಣೆ ಅಲ್ಲ. ಗೇಟಿನ ಹತ್ರ ನಿಂತು ಒಂದು ಕ್ಷಣ ನೋಡಿದೆ ಅವರಿಬ್ಬರನ್ನ. ನಿಮ್ಮ ಮಗಳು ಏನೋ ಹೇಳಿದ್ಳು, ಇವಳು ಬಾಯಿ ತುಂಬ ಊಟ ಇಟ್ಕೊಂಡೇ ನಕ್ಕುಬಿಟ್ಳು. ಮೂಗಿಗೆ ಹತ್ತಿ, ಕೆಮ್ಮಿ, ಕಣ್ಣಲ್ಲಿ ನೀರು ಬಂದ್ರೂ ನಗ್ತಾನೇ ಇದ್ಳು. ಮನೇಲಿ ಅವಳು ನಕ್ಕಿದ್ದು ಯಾವಾಗ ಅಂತ ಯೋಚಿಸಿದೆ. ನೆನಪಾಗ್ಲಿಲ್ಲ. ಆ ನಗು ನನ್ನ ಮನೇಲಿ ಸತ್ತೇಹೋಗಿದೆ ಅನ್ಕೊಂಡಿದ್ದೆ… ಇಲ್ಲಿ ನೋಡಿದ್ರೆ, ಯಾರದೋ ಮಗಳ ಹತ್ರ, ಬದುಕಿತ್ತು. ಅದನ್ನ ನೋಡಿ ತಡಿಯೋಕಾಗ್ಲಿಲ್ಲ ನನಗೆ.

ಈಗ್ಲಾದ್ರೂ ಬೈಯಿರಿ ಅಕ್ಕಾ.

…ಅಕ್ಕಾ?