ಮೈನ್ ಆಫ್ ಮಾಡಿದವಳು

ಹೌದಪ್ಪಾ, ನಾನೇ! ಮೈನ್ ಸ್ವಿಚ್ ಎಳೆದಿದ್ದು ನಾನೇ. ಶೂಟಿಂಗಿನ ಮೂರನೇ ಟೇಕ್ ನಡೀತಿರುವಾಗಲೇ, ನಿನ್ನ ತಂಗಿ ಕೊನೇ ಮಾತು ಹೇಳ್ತಿರುವಾಗಲೇ ಎಳೆದೆ. ಇನ್ನೇನು, ಬರೆದುಕೊಡಬೇಕಾ? ಹಾಗೆ ಬಾಗಿಲಿಗೆ ಒರಗಿಕೊಂಡು ನೋಡಬೇಡ ಕಣೋ. ಬೈಯೋ ಹಾಗಿದ್ರೆ ಬೈದುಬಿಡು.

ಯಾಕೆ ನಗ್ತೀಯಾ? ನಗು, ನಗು... ಬಟ್ಟೆ ಒಗೆಯೋ ಹಳೇ ಕೋಣೆ, ಪಾದ ಮುಳುಗೋಷ್ಟು ನೀರು, ನೀರೊಳಗೆ ಕಬ್ಬಿಣದ ಸ್ಟ್ಯಾಂಡು, ಅದರ ಮೇಲೆ ಉರಿಯೋ ಕರೆಂಟ್ ದೀಪ, ಪಕ್ಕದಲ್ಲಿ ಬರಿಗಾಲಲ್ಲಿ ಆ ಹುಡುಗಿ! ಬ್ಯಾಟರಿ ದೀಪ ಇಡೋಣ ಅಂದೆ ತಾನೇ ನಾನು? "ಬೆಳಕು ಸಾಯುತ್ತೆ" ಅಂದೆ ನೀನು. ಬೆಳಕು ಸತ್ರೆ ಇನ್ನೊಂದು ಹಚ್ಚಬಹುದು ಮಾರಾಯ!

ಎರಡು ಟೇಕ್ ಸುಮ್ಮನಿದ್ದೆ. ಮೂರನೇದಕ್ಕೆ ನೀನು ಏನಂದೆ? "ಸ್ಟ್ಯಾಂಡ್ ಹಿಡ್ಕೊಂಡು ಹೇಳು ಪುಟ್ಟಿ, ಫೀಲ್ ಬರುತ್ತೆ." ಫೀಲ್! ಅವಳು ಕೈ ಚಾಚಿದಳು... ನಾನು ಎಳೆದೆ. ಅಷ್ಟೇ. ಇನ್ನೂ ಹತ್ತು ಸಲ ಕೈ ಚಾಚಿದ್ರೆ ಹತ್ತು ಸಲನೂ ಎಳೀತೀನಿ. ಈ ಜಾಗ ಇವತ್ತೊಂದೇ ದಿನ ಸಿಕ್ಕಿದ್ದು, ಗೊತ್ತು. ನಿನ್ನ ಸಿನಿಮಾ ಅರ್ಧಕ್ಕೆ ನಿಂತರೂ ಸರಿ.

ಏನು ಹಾಗೆ ನೋಡ್ತೀಯಾ? ಅಷ್ಟು ಹೊತ್ತು ಇಲ್ಲದ ಭಯ ಆಗ ಯಾಕೆ ಬಂತು ಅಂತ ತಾನೇ ಆ ನೋಟ? ಬಂತು. ಭಯ ಹೇಳಿ ಕೇಳಿ ಬರುತ್ತಾ?... ನನ್ನ ಮುಖದಲ್ಲಿ ಏನಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋಳಲ್ಲ ನಾನು. ನಮ್ಮಪ್ಪ ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದವರು. ಹಲ್ಲಲ್ಲೇ ವೈರ್ ಸುಲಿದು ಬೆಳೆದವಳು ನಾನು, ನನಗೆ...

ಏಯ್, ಕೈ ಬಿಡೋ. ಬಿಡು ಅಂದೆ! ಏನಿಲ್ಲ ಅದು. ಚಹಾ ಪಾತ್ರೆ ತಗುಲಿ ಸುಟ್ಟಿದ್ದು...

ಅಂಗೈ ಹಾಗೆ ಬೆಳಕಿಗೆ ಹಿಡಿದು ನೋಡಬೇಡ ಕಣೋ.

ಸರಿ. ಬೆಳಿಗ್ಗೆ ಶಾಕ್ ಹೊಡೀತು. ನೀವೆಲ್ಲ ತಿಂಡಿಗೆ ಹೋದಾಗ ಸ್ಟ್ಯಾಂಡ್ ಸರಿಸೋಕೆ ಹೋದೆ, ಹಿಡಿದ ಕೈ ಬಿಡೋಕೇ ಆಗ್ಲಿಲ್ಲ ಒಂದು ಗಳಿಗೆ. ಆಮೇಲೆ ಗೋಡೆಗೆ ಹೋಗಿ ಬಿದ್ದೆ. ವೈರಿಗೆ ಜಾಯಿಂಟ್ ಹಾಕಿದ್ದು ಯಾರು? ನಾನೇ. ಆತುರದಲ್ಲಿ ಹಾಕಿದ್ದೆ. ಮತ್ತೆ ನಾಲ್ಕು ಸುತ್ತು ಟೇಪ್ ಸುತ್ತಿ, ನೀರಿಗೆ ತಾಗದ ಹಾಗೆ ವೈರನ್ನ ಮೊಳೆಗೆ ನೇತುಹಾಕಿ, ಸರಿಹೋಯ್ತು ಅಂದ್ಕೊಂಡೆ. ಅಂದ್ಕೊಂಡೆ ಅಷ್ಟೇ... ಮತ್ತೆ ಮುಟ್ಟಿ ನೋಡೋ ಧೈರ್ಯ ಬರಲಿಲ್ಲ ಕಣೋ.

ಹೇಳಬಹುದಿತ್ತು. ಹೇಳಿದ್ರೆ ನೀವೆಲ್ಲ ಏನಂತಿದ್ರಿ? "ಹುಡುಗಿ ಕೈಗೆ ಲೈಟ್ ಕೊಟ್ರೆ ಇದೇ ಗತಿ" ಅಂತಿದ್ರಿ ತಾನೇ? ಇಲ್ಲ ಅನ್ನು ನೋಡೋಣ!... ಅನ್ನು...



ಎರಡು ಟೇಕ್, ಕಣೋ. ನನಗೆ ಮುಟ್ಟೋಕೆ ಭಯ ಇದ್ದ ಸ್ಟ್ಯಾಂಡ್ ಪಕ್ಕ ಅವಳನ್ನ ನಿಲ್ಲಿಸಿ, ನಾನು ರಬ್ಬರ್ ಚಪ್ಪಲಿ ಹಾಕ್ಕೊಂಡು ಒಣನೆಲದಲ್ಲಿ ನಿಂತಿದ್ದೆ. "ಅಕ್ಕಾ, ಬೆಳಕು ಸರಿ ಇದೆಯಾ?" ಅಂತ ಕೇಳಿದಳು. ಸರಿ ಇದೆ ಅಂದೆ.

ದಾರಿ ಬಿಡು. ಅವಳು ಮೆಟ್ಟಿಲ ಮೇಲೆ ಕೂತು ಕಾಲು ಒರೆಸಿಕೊಳ್ತಿದ್ದಾಳೆ. ನಾನೇ ಹೇಳ್ತೀನಿ. ನೀನು ಜೊತೆಗೆ ಬರಬೇಡ... ಒಬ್ಬಳೇ ಹೋಗ್ತೀನಿ.